ಮುಖ ಸೊಟ್ಟಾದರೆ ನಾಲಿಗೆಯ ರುಚಿ ಏಕೆ ಹೋಗುತ್ತದೆ?

ಗದಗಿನಲ್ಲಿರುವ ನಿಮ್ಮ ತಾಯಿಯವರ ಮುಖದ ಎಡಭಾಗ ಬೆಳಗಾಗುವಷ್ಟರಲ್ಲಿ ಸೊಟ್ಟಾಗಿತ್ತು, ವೈದ್ಯರು ಅದನ್ನು ಏಳನೆಯ ನರದ ತೊಂದರೆ ಎಂದು ಹೇಳಿದರು, ಆ ಬದಿಯ ನಾಲಿಗೆಗೆ ಉಪ್ಪು, ಹುಳಿ ತಿಳಿಯುವುದಿಲ್ಲ, ಆದರೆ ಖಾರ ಮಾತ್ರ ಮೊದಲಿನಂತೆಯೇ ಹತ್ತುತ್ತದೆ ಎಂದು ಬರೆದಿದ್ದೀರಿ. ಮುಖವನ್ನು ಅಲುಗಾಡಿಸುವ ನರಕ್ಕೂ ನಾಲಿಗೆಯ ರುಚಿಗೂ ಏನು ಸಂಬಂಧ, ಇದು ಲಕ್ವಾ, ಅಂದರೆ ಮೆದುಳಿನ ರಕ್ತನಾಳದ ತೊಂದರೆಯಿಂದ ಆಗುವ ಪಾರ್ಶ್ವವಾಯು, ಹೌದೋ ಅಲ್ಲವೋ ಎಂಬುದು ನಿಮ್ಮ ಪ್ರಶ್ನೆ. ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆಯಲ್ಲಿಯೂ ಇದನ್ನು ಕಂಡಿದ್ದೇನೆ.

ತಲೆಬುರುಡೆಯ ರಂಧ್ರಗಳಿಂದ ಹೊರಬರುವ ಕಪಾಲ ನರಗಳು 12 ಜೋಡಿ. ವಾಸನೆಯ ಮೊದಲನೆಯದು, ನೋಟದ ಎರಡನೆಯದು, ಕೇಳುವಿಕೆ ಮತ್ತು ಸಮತೋಲನದ ಎಂಟನೆಯದು ಸಂವೇದನೆಯನ್ನಷ್ಟೇ ಒಯ್ಯುತ್ತವೆ. ಕಣ್ಣುಗುಡ್ಡೆಯನ್ನು ತಿರುಗಿಸುವ 3, 4, 6, ಕುತ್ತಿಗೆ ಮತ್ತು ಹೆಗಲಿನ 11, ನಾಲಿಗೆಯನ್ನು ಚಲಿಸುವ 12 ಇವು ಮುಖ್ಯವಾಗಿ ಚಾಲಕ ನರಗಳು. ಉಳಿದ 5, 7, 9, 10 ಮಿಶ್ರ ನರಗಳು. ವಿದ್ಯಾರ್ಥಿಗಳು ಇಷ್ಟನ್ನು ಕಂಠಪಾಠ ಮಾಡಿ ಪರೀಕ್ಷೆ ಪಾಸಾಗುತ್ತಾರೆ; ಆದರೆ ಮಿಶ್ರ ನರವೆಂದರೆ ಬೇರೆ ಬೇರೆ ಕೆಲಸದ ಎಳೆಗಳು ಸ್ವಲ್ಪ ದೂರ ಒಂದೇ ಹಾದಿಯಲ್ಲಿ ಸಾಗುವ ಕಟ್ಟು ಎಂಬುದು ಮನಸ್ಸಿಗೆ ಇಳಿಯದಿದ್ದರೆ ನಿಮ್ಮ ತಾಯಿಯವರ ಸ್ಥಿತಿ ಅರ್ಥವಾಗುವುದಿಲ್ಲ.

ಏಳನೆಯ ನರವು ಕಿವಿಯ ಪಕ್ಕದ ಮೂಳೆಯೊಳಗಿನ ಇಕ್ಕಟ್ಟಾದ ಕೊಳವೆಯ ಮೂಲಕ ಹಾದುಬರುತ್ತದೆ. ಮುಖದ ಸ್ನಾಯುಗಳ ಎಳೆಗಳಲ್ಲದೆ, ಕಣ್ಣೀರಿನ ಗ್ರಂಥಿಗೆ ಹೋಗುವವು, ಜೊಲ್ಲಿನ ಗ್ರಂಥಿಗಳಿಗೆ ಹೋಗುವವು, ದೊಡ್ಡ ಸದ್ದನ್ನು ತಗ್ಗಿಸುವ ಕಿವಿಯೊಳಗಿನ ಪುಟ್ಟ ಸ್ನಾಯುವಿಗೆ ಹೋಗುವವು ಎಲ್ಲವೂ ಅದರಲ್ಲಿರುತ್ತವೆ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯನ್ನು ತರುವ ಕೋರ್ಡಾ ಟಿಂಪನಿ ಎಂಬ ಸಣ್ಣ ಎಳೆ ಕಿವಿತಮಟೆಯನ್ನು ಹಾದು ಬಂದು, ಆ ಮೂಳೆಯೊಳಗೇ ಇದನ್ನು ಕೂಡಿಕೊಳ್ಳುತ್ತದೆ. ನರ ಊದಿಕೊಂಡಾಗ ಮೂಳೆಯ ಕೊಳವೆ ಹಿಗ್ಗುವುದಿಲ್ಲ, ಒಳಗಿನ ಎಳೆಗಳೇ ಅದುಮಿಹೋಗುತ್ತವೆ. ರುಚಿಯೂ ಹೋಗಿದೆಯೆಂದರೆ ಒತ್ತಡ ಬಿದ್ದಿರುವುದು ಈ ಎಳೆ ಕೂಡುವ ಜಾಗಕ್ಕಿಂತ ಮೆದುಳಿನ ಕಡೆಗೆ ಎಂದು ಊಹಿಸಬಹುದು.

ಹಾಗಾದರೆ ಖಾರ ಹೇಗೆ ಉಳಿಯಿತು? ಖಾರ ನಿಜವಾಗಿ ರುಚಿಯಲ್ಲ, ಅದು ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿ ಮತ್ತು ನೋವನ್ನು ಗ್ರಹಿಸುವ ನರತುದಿಗಳನ್ನು ಕೆಣಕುತ್ತದೆ, ಆ ಸುದ್ದಿಯನ್ನು ಒಯ್ಯುವುದು ಐದನೆಯ ನರ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಊರಿನಲ್ಲೇ ಇರುವ ನಮ್ಮ ಕಾಕಾ ಅವರಿಗೆ ಬಲಬದಿಯಲ್ಲಿ ಹೀಗಾಗಿತ್ತು. ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯನ್ನು ಅವರ ನಾಲಿಗೆಯ ಬಲ ಅಂಚಿಗೆ ಮುಟ್ಟಿಸಿದಾಗ, "ತಣ್ಣಗ ಏನೋ ಮುಟ್ಟಿಧಂಗ ಆತು, ಉಪ್ಪು ಮಾತ್ರ ಗೊತ್ತಾಗವಲ್ದು" ಎಂದರು. ತಣ್ಣಗಿನ ಸ್ಪರ್ಶ ಐದನೆಯ ನರದ್ದು, ಅದು ನೆಟ್ಟಗಿತ್ತು. ಹತ್ತಿಯನ್ನು ಇನ್ನಷ್ಟು ಹಿಂದಕ್ಕೆ, ಒಂಬತ್ತನೆಯ ನರದ ಪಾಲಿಗೆ ಬರುವ ಜಾಗಕ್ಕೆ ತಾಗಿಸಿದ ಕೂಡಲೇ ಉಪ್ಪು ತಿಳಿದು ಮುಖ ಕಿವುಚಿದರು, ಆದರೆ ಕಿವುಚಿದ್ದು ಎಡ ಅರ್ಧ ಮಾತ್ರ. ಜಗಿಯುವ ಸ್ನಾಯುಗಳೂ ಐದನೆಯದರವೇ ಆದ್ದರಿಂದ ರೊಟ್ಟಿ ಜಗಿಯಲು ಅವರಿಗೆ ಕಷ್ಟವಾಗಲಿಲ್ಲ, ಜಗಿದ ತುತ್ತು ಮಾತ್ರ ಬಲಗೆನ್ನೆಯೊಳಗೆ ಸಿಕ್ಕಿಕೊಳ್ಳುತ್ತಿತ್ತು.

ಲಕ್ವಾ ಹೌದೋ ಅಲ್ಲವೋ ಎಂಬುದಕ್ಕೆ ವೈದ್ಯರು ಮೊದಲು ಹಣೆಯನ್ನು ನೋಡುತ್ತಾರೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಪಾರ್ಶ್ವಗಳಿಂದ ಆಜ್ಞೆ ಬರುವುದರಿಂದ, ಮೆದುಳಿನ ಲಕ್ವಾದಲ್ಲಿ ಬಾಯಿ ವಾಲಿದರೂ ಹಣೆಯ ಗೆರೆಗಳು ಸಾಮಾನ್ಯವಾಗಿ ಮೂಡುತ್ತವೆ. ನರವೇ ಸೋತಾಗ ಹುಬ್ಬು ಏಳುವುದಿಲ್ಲ. ಇದನ್ನು ನೆಚ್ಚಿ ಮನೆಯಲ್ಲೇ ತೀರ್ಮಾನಿಸಬೇಡಿ. ಕೈಕಾಲಿನ ಬಲ ಕುಗ್ಗಿದರೆ ಅಥವಾ ಮಾತು ತೊದಲಿದರೆ ಒಂದು ಗಳಿಗೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ 4.5 ಗಂಟೆಗಳ ಮಿತಿಯಿದೆ. ಕಾರಣ ತಿಳಿಯದೆ ಏಳನೆಯ ನರ ಸೋಲುವುದನ್ನು ಚಾರ್ಲ್ಸ್ ಬೆಲ್ ಎಂಬ ಶಸ್ತ್ರವೈದ್ಯರ ಹೆಸರಿನಿಂದ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಇದರಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಗಳೊಳಗೆ ಆರಂಭಿಸಿದರೆ ಪ್ರಯೋಜನ ಹೆಚ್ಚು, ಬಹುಪಾಲು ಜನರು ಕೆಲವು ವಾರಗಳಿಂದ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಅಲ್ಲಿಯವರೆಗೆ ನನಗೆ ಹೆಚ್ಚು ಚಿಂತೆಯಾಗುವುದು ಕಣ್ಣಿನ ಬಗ್ಗೆ. ಧೂಳು ಬಿದ್ದದ್ದನ್ನು ಐದನೆಯ ನರ ತಿಳಿಸುತ್ತದೆ, ಆದರೆ ರೆಪ್ಪೆ ಮುಚ್ಚಬೇಕಾದ ಏಳನೆಯದು ಸೋತಿದೆ. ವೈದ್ಯರು ಹೇಳಿದಂತೆ ಹಗಲಿನಲ್ಲಿ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಯನ್ನು ಮುಚ್ಚಿ ಟೇಪು ಅಂಟಿಸಿರಿ, ಕಣ್ಣು ಕೆಂಪಾದರೆ ಅಥವಾ ನೋಯುತ್ತದೆ ಎಂದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿರಿ.