ಪೆಡಲಿನ ಆ ಕಡೆ ವೈರ್ ಎಲ್ಲಿಗೆ ಹೋಗುತ್ತದೆ?

ಗಣಪತಿ ಹಬ್ಬ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ವರ್ಷವಿಡೀ ಗಿಟಾರ್‌ನ ಕಾರ್ಡ್, ಸ್ಕೇಲ್ ಅಂತ ಕೇಳುವವರು ಈಗ ಪೆಡಲ್ ಬಗ್ಗೆ, ಅಂದರೆ ಗಿಟಾರ್ ಸದ್ದು ಬದಲಿಸುವ, ಕಾಲಲ್ಲಿ ತುಳಿಯುವ ಪೆಟ್ಟಿಗೆಯ ಬಗ್ಗೆ ಕೇಳುತ್ತಾರೆ. ಈ ಸಲ ಮೂರು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಹಾಸನದವನು. ಎರಡು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಈಗ ಒಂದು ಆರ್ಕೆಸ್ಟ್ರಾದವರು ಕರೆದಿದ್ದಾರೆ. ಆಂಪ್ಲಿಫೈಯರ್ (ಆಂಪ್) ಇರುವುದಿಲ್ಲ, ನೇರ ಮಿಕ್ಸರ್‌ಗೇ ಹಾಕಬೇಕಂತೆ. ಮಲ್ಟಿ ಎಫೆಕ್ಟ್ಸ್, ಅಂದರೆ ಒಂದೇ ಪೆಟ್ಟಿಗೆಯಲ್ಲಿ ಹಲವು ಎಫೆಕ್ಟ್ ಇರುವ ಪೆಡಲ್, ತೆಗೆದುಕೊಳ್ಳೋಣ ಅಂತಿದ್ದೇನೆ. ಒಂದರಲ್ಲಿ 70 ಎಫೆಕ್ಟ್ ಇದೆ, ಇನ್ನೊಂದರಲ್ಲಿ 150. ಯಾವುದು ಒಳ್ಳೆಯದು?

ಎಫೆಕ್ಟ್ ಎಣಿಸುವುದನ್ನು ಮೊದಲು ಬಿಡಿ. ಆರ್ಕೆಸ್ಟ್ರಾದಲ್ಲಿ ಹತ್ತು ವರ್ಷ ನುಡಿಸಿದವರನ್ನು ಕೇಳಿ ನೋಡಿ. ಒಂದು ಕ್ಲೀನ್ (ಶುದ್ಧ ಸದ್ದು), ಒಂದು ಕ್ರಂಚ್ (ಸ್ವಲ್ಪ ಒಡೆದ ಸದ್ದು), ಒಂದು ಲೀಡ್ (ಸೋಲೋಗೆ), ಜೊತೆಗೆ ಕೋರಸ್, ಡಿಲೇ (ಪ್ರತಿಧ್ವನಿ), ರಿವರ್ಬ್ (ಸಭಾಂಗಣದಂಥ ಮಾರ್ದನಿ), ಯಾವಾಗಲಾದರೂ ವಾ (ಕಾಲಲ್ಲಿ ‘ವಾ-ವಾ’ ಅನ್ನಿಸುವುದು). ಅಷ್ಟೇ. ಉಳಿದದ್ದನ್ನೆಲ್ಲ ಮೊದಲ ವಾರ ಆಸೆಯಿಂದ ಒತ್ತಿ ನೋಡುತ್ತಾರೆ, ಆಮೇಲೆ ಮುಟ್ಟುವುದಿಲ್ಲ. ಒಟ್ಟು ಎಷ್ಟಿದೆ ಅನ್ನುವುದಕ್ಕಿಂತ ಒಂದೇ ಸಲಕ್ಕೆ ಎಷ್ಟು ಓಡುತ್ತದೆ ಅಂತ ಕೇಳಿ. ಜೂಮ್ ಕಂಪನಿಯ ಜಿ1 ಫೋರ್ ಪೆಡಲ್‌ನಲ್ಲಿ ಒಂದು ಪ್ಯಾಚ್‌ಗೆ, ಅಂದರೆ ಉಳಿಸಿಟ್ಟ ಒಂದು ಸೆಟ್ಟಿಂಗ್‌ಗೆ, ಐದು ಎಫೆಕ್ಟ್ ಹಾಕಬಹುದು. ಶುರು ಮಾಡುವವರಿಗೆ ಅದು ಧಾರಾಳವಾಯಿತು.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ ಮಾತು ಬೇರೆ. ‘ನೇರ ಮಿಕ್ಸರ್‌ಗೇ ಹಾಕಬೇಕು’ ಅಂದಿರಲ್ಲ, ಅದು. ತಂತಿಯ ಕಂಪನ ಹಿಡಿಯುವ ಗಿಟಾರ್‌ನ ಪಿಕಪ್‌ನಿಂದ ಬರುವ ಸಿಗ್ನಲ್ ತೀರಾ ಸೂಕ್ಷ್ಮ. ಅದಕ್ಕೆ ಸುಮಾರು 1 ಮೆಗಾ ಓಮ್ ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಇರುವ ಅಡ್ಡಿ) ಇರುವ ಇನ್‌ಪುಟ್ ಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋ ಓಮ್ ಇರುತ್ತದೆ. ಹಾಗೇ ಚುಚ್ಚಿದರೆ ಟ್ರೆಬಲ್, ಅಂದರೆ ಮೇಲಿನ ಸದ್ದು, ಎಲ್ಲ ಸತ್ತು, ಗಿಟಾರ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಮಲ್ಟಿ ಎಫೆಕ್ಟ್ಸ್ ಮಧ್ಯೆ ಬಂದರೆ ಈ ತೊಂದರೆ ಅಲ್ಲೇ ಮುಗಿಯಿತು.

ಎರಡನೆಯದು ಇನ್ನೂ ದೊಡ್ಡದು. ಗಿಟಾರ್ ಆಂಪ್‌ನ ಸ್ಪೀಕರ್ 5,000 ಹರ್ಟ್ಜ್ ದಾಟಿದ ಮೇಲೆ ಹೆಚ್ಚೇನೂ ಕೇಳಿಸುವುದಿಲ್ಲ. ನಮ್ಮ ಕಿವಿಗೆ ‘ಗಿಟಾರ್ ಸದ್ದು’ ಅಂತ ಅಭ್ಯಾಸ ಆಗಿರುವುದೇ ಆ ಕತ್ತರಿಸಿದ ಸದ್ದು. ಪೆಂಡಾಲ್‌ನ ಬಾಕ್ಸ್‌ಗಳು ಹಾಗಲ್ಲ, ಗಾಯಕರಿಗೆ, ಕೀಬೋರ್ಡ್‌ಗೆ ಅಂತ ಮಾಡಿದ್ದು. ಮೇಲಿನ ಶಬ್ದವನ್ನೂ ಬಿಡದೆ ಹೊರಗೆ ಹಾಕುತ್ತವೆ. ಬರೀ ಡಿಸ್ಟಾರ್ಷನ್ ಅದರಲ್ಲಿ ಹೋದರೆ ಸೊಳ್ಳೆ ಬ್ಯಾಟ್‌ಗೆ ಹುಳ ಸಿಕ್ಕಿದ ಹಾಗಿರುತ್ತದೆ. ಅದಕ್ಕೇ ಮಲ್ಟಿ ಎಫೆಕ್ಟ್ಸ್‌ನಲ್ಲಿ ಆಂಪ್ ಮಾಡೆಲ್, ಕ್ಯಾಬ್ ಸಿಮ್ಯುಲೇಷನ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ನಕಲು) ಅಂತ ಕೊಟ್ಟಿರುತ್ತಾರೆ. ಕೆಲವದರಲ್ಲಿ ಅದನ್ನು ಐಆರ್ (ಇಂಪಲ್ಸ್ ರೆಸ್ಪಾನ್ಸ್) ಅನ್ನುತ್ತಾರೆ. ಮಿಕ್ಸರ್‌ಗೆ ಹೋಗುವಾಗ ಕ್ಯಾಬ್ ಆನ್ ಇರಬೇಕು. ಮುಂದೆ ಯಾವತ್ತಾದರೂ ಗಿಟಾರ್ ಆಂಪ್ ಮುಂದೆ ಹಾಕಿದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಸ್ಪೀಕರ್ ಒಳಗೆ ಸ್ಪೀಕರ್ ಇಟ್ಟ ಹಾಗೆ ಮಂಕಾಗುತ್ತದೆ. ಬಾಸ್ ಕಂಪನಿಯ ಜಿಟಿ-1 ತರಹದ ಪೆಡಲ್‌ನಲ್ಲಿ ‘ಔಟ್‌ಪುಟ್ ಸೆಲೆಕ್ಟ್’ ಅಂತ ಒಂದು ಸೆಟ್ಟಿಂಗ್ ಇದೆ. ಪೆಡಲ್ ಯಾವುದಕ್ಕೆ ಹೋಗಿದೆ ಅಂತ ಅದಕ್ಕೆ ಹೇಳಬೇಕು. ತುಂಬಾ ಜನ ಅದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ಇನ್ನು ಯಾವುದು ಅಂತ. ನಿಮ್ಮ ಕೆಲಸಕ್ಕೆ ಕಾಲಲ್ಲಿ ಮೇಲೆ ಕೆಳಗೆ ಒತ್ತುವ ಪೆಡಲ್, ಅಂದರೆ ಎಕ್ಸ್‌ಪ್ರೆಷನ್ ಪೆಡಲ್, ಇರುವುದನ್ನೇ ನೋಡಿ. ಗಾಯಕರು ಹಾಡುವಾಗ ಗಿಟಾರ್ ತಗ್ಗಬೇಕು, ಬಿಜಿಎಂ ಬಂದಾಗ ಏರಬೇಕು. ಆರ್ಕೆಸ್ಟ್ರಾದಲ್ಲಿ ಆ ವಾಲ್ಯೂಮ್ ಪೆಡಲ್ ವಾಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಜೂಮ್‌ನಲ್ಲಿ ಅದು ಬೇಕಾದರೆ ಹೆಸರಿನಲ್ಲಿ ‘ಎಕ್ಸ್’ ಇರುವ ಜಿ1ಎಕ್ಸ್ ಫೋರ್ ಕೇಳಿ. ಜಿಟಿ-1ನಲ್ಲಿ ಜೊತೆಗೇ ಬರುತ್ತದೆ. ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್ ಬೇರೆಯದೇ ಮಟ್ಟದ್ದು. ಆದರೆ ಅದಕ್ಕೆ ಎಕ್ಸ್‌ಪ್ರೆಷನ್ ಪೆಡಲ್ ಬೇರೆ ಕೊಳ್ಳಬೇಕು. ಮೊದಲ ಪೆಡಲ್ ಆಗಿ ಅಷ್ಟು ದುಡ್ಡು ಹಾಕಬೇಡಿ ಅಂತ ನಾನು ಹೇಳುತ್ತೇನೆ. ಉಳಿದ ದುಡ್ಡಲ್ಲಿ ಒಳ್ಳೆಯ ಕೇಬಲ್ ಎರಡು, ಒಂದು ಡಿಐ ಬಾಕ್ಸ್ ತೆಗೆದುಕೊಳ್ಳಿ. ಸ್ಟೇಜ್‌ನಿಂದ ಮಿಕ್ಸರ್ ಎಷ್ಟೋ ಸಲ ಪೆಂಡಾಲ್‌ನ ಆ ತುದಿಯಲ್ಲಿರುತ್ತದೆ. ಗಿಟಾರ್ ಕೇಬಲನ್ನು ಅಷ್ಟು ದೂರ ಎಳೆದರೆ ದಾರಿಯಲ್ಲಿರುವ ಸೀರಿಯಲ್ ಸೆಟ್‌ನ ಗುಂಯ್ ಎಲ್ಲ ಅದರೊಳಗೆ ಸೇರುತ್ತದೆ. ಡಿಐ ಬಾಕ್ಸ್ ಅದನ್ನು ಮೈಕ್ ಕೇಬಲ್‌ನಲ್ಲಿ ಹೋಗುವ ಹಾಗೆ ಮಾಡಿಕೊಡುತ್ತದೆ.

ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಒಂದು ದಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ. ನಿಮ್ಮ ಗಿಟಾರನ್ನೇ ಹೊತ್ತುಕೊಂಡು ಹೋಗಿ. ಅಂಗಡಿಯ ಐವತ್ತು ಸಾವಿರದ ಗಿಟಾರ್‌ನಲ್ಲಿ ಯಾವ ಪೆಡಲ್ ತಾನೇ ಕೆಟ್ಟದಾಗಿ ಕೇಳುತ್ತದೆ? ಹಳೆಯದು ಕೊಳ್ಳುವುದಾದರೆ ಪ್ರತಿ ಸ್ವಿಚ್ಚನ್ನೂ ಇಪ್ಪತ್ತು ಸಲ ತುಳಿಯಿರಿ. ಒಂದು ಸಲ ತುಳಿದರೆ ಎರಡು ಪ್ಯಾಚ್ ದಾಟಿ ಹೋಗುತ್ತಿದ್ದರೆ ಸ್ವಿಚ್ ಸವೆದಿದೆ ಅಂತ ಅರ್ಥ.

ಪ್ರಶ್ನೆ: ನಾನು ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿನಿ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಎರಡು ಗಂಟೆವರೆಗೆ ಕೂತು ಪ್ಯಾಚ್ ಮಾಡಿದೆ. ಸೂಪರ್ ಆಗಿತ್ತು. ಕಾಲೇಜು ಫೆಸ್ಟ್‌ನಲ್ಲಿ ನುಡಿಸಿದರೆ ಗಿಟಾರ್ ಕೇಳಲೇ ಇಲ್ಲ ಅಂದರು. ಕ್ಯಾಬ್ ಆನ್ ಇತ್ತು. ವಾಲ್ಯೂಮ್ ಪೂರ್ತಿ ಕೊಟ್ಟಿದ್ದೆ. ತಪ್ಪು ಎಲ್ಲಾಯಿತು?

ಆ ರಾತ್ರಿ ಎರಡು ಗಂಟೆಯಲ್ಲೇ ಆಯಿತಮ್ಮ. ಬೇಜಾರಾಗಬೇಡ, ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ.

ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಸರಿಯಾಗಿ ಕೇಳುವುದಿಲ್ಲ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಇದನ್ನು ಅಳೆದು ತೋರಿಸಿದರು. ಹಾಗಾಗಿ ಹೆಡ್‌ಫೋನ್‌ನಲ್ಲಿ ನಾವು ಬೇಸ್ ಏರಿಸುತ್ತೇವೆ, ಟ್ರೆಬಲ್ ಏರಿಸುತ್ತೇವೆ, ಮಿಡ್, ಅಂದರೆ ನಡುವಿನ ಸದ್ದು, ಇಳಿಸುತ್ತೇವೆ. ಒಬ್ಬರೇ ನುಡಿಸುವಾಗ ಅದು ದೊಡ್ಡದಾಗಿ, ತುಂಬಿಕೊಂಡ ಹಾಗೆ ಕೇಳುತ್ತದೆ. ಸ್ಟೇಜ್ ಮೇಲೆ ಬೇಸ್ ಜಾಗದಲ್ಲಿ ಬೇಸ್ ಗಿಟಾರ್, ಕಿಕ್ ಡ್ರಮ್ ಕೂತಿರುತ್ತವೆ. ಮೇಲೆ ಸಿಂಬಲ್ ಇರುತ್ತದೆ. ಗಿಟಾರ್‌ಗೆ ಉಳಿದಿರುವುದು ಮಿಡ್ ಒಂದೇ, ಅದನ್ನೂ ನೀನೇ ತೆಗೆದುಬಿಟ್ಟಿದ್ದೀಯ. ಆಮೇಲೆ ವಾಲ್ಯೂಮ್ ಎಷ್ಟು ಕೊಟ್ಟರೂ ಇಲ್ಲದ್ದು ಹೇಗೆ ಕೇಳುತ್ತದೆ?

ಗೇನ್, ಅಂದರೆ ಸದ್ದನ್ನು ಒಡೆಸುವ ನಾಬ್, ಕೂಡ ನೋಡು. ಜಾಸ್ತಿ ಗೇನ್ ಕೊಟ್ಟಷ್ಟೂ ಮೆಲ್ಲಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಒಂದೇ ಮಟ್ಟಕ್ಕೆ ಬರುತ್ತದೆ. ಸ್ಟ್ರಮ್ಮಿಂಗ್‌ನ ಪೆಟ್ಟು ಗೊತ್ತಾಗುವುದೇ ಇಲ್ಲ. ಮನೆಯಲ್ಲಿ ಸಾಕು ಅನಿಸಿದ ಗೇನ್‌ನಲ್ಲಿ ಕಾಲು ಭಾಗ ಇಳಿಸಿಕೊಂಡು ಹೋಗು. ರಿವರ್ಬ್ ಅರ್ಧ ಮಾಡು. ಸಭಾಂಗಣವೇ ಮಾರ್ದನಿ ಕೊಡುತ್ತದೆ, ಸೌಂಡ್‌ನವರು ಮೇಲೊಂದಿಷ್ಟು ಸುರಿಯುತ್ತಾರೆ. ಕಲ್ಯಾಣ ಮಂಟಪದಲ್ಲಾದರೆ ರಿವರ್ಬ್ ಪೂರ್ತಿ ತೆಗೆದರೂ ನಡೆಯುತ್ತದೆ.

ಸುಮ್ನೆ ಒಂದು ಪರೀಕ್ಷೆ ಮಾಡು. ಪೆಡಲನ್ನು ಯಾವುದಾದರೂ ದೊಡ್ಡ ಸ್ಪೀಕರ್‌ಗೆ ಹಾಕಿ, ಫೋನ್‌ನಲ್ಲಿ ಅದೇ ಹಾಡು ಹಾಕಿಕೊಂಡು, ಜೊತೆಗೆ ನುಡಿಸುತ್ತಾ ಪ್ಯಾಚ್ ಸರಿಮಾಡು. ಒಂಟಿಯಾಗಿ ಕೇಳಿದಾಗ ಆ ಪ್ಯಾಚ್ ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ ಅನಿಸಬಹುದು. ಅನಿಸಲಿ, ಬ್ಯಾಂಡ್ ಜೊತೆ ಅದೇ ಸರಿ. ಕ್ಲೀನ್‌ನಿಂದ ಲೀಡ್‌ಗೆ ಹೋದಾಗ ಸದ್ದು ಎಷ್ಟು ಏರುತ್ತದೆ ಅಂತಲೂ ಅಲ್ಲೇ ನೋಡಿಕೋ. ಸೋಲೋ ಪ್ಯಾಚ್ 3 ಡೆಸಿಬಲ್ ಹೆಚ್ಚಿದ್ದರೆ ಸಾಕು.

ಡಿಲೇ ಹಾಡಿನ ತಾಳಕ್ಕೆ ಕೂರುವುದಿಲ್ಲ ಅಂತಲೂ ನೀನು ಬರೆದಿದ್ದೆ. 60,000ವನ್ನು ಟೆಂಪೋದಿಂದ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವುದರಿಂದ, ಭಾಗಿಸು. 100 ಟೆಂಪೋಗೆ 600 ಮಿಲಿಸೆಕೆಂಡ್, ಅದರ ಅರ್ಧ 300. ಮುಕ್ಕಾಲು, ಅಂದರೆ 450, ಇಟ್ಟರೆ ಆ ಕುದುರೆ ಓಟದಂಥ ಡಿಲೇ ಸಿಗುತ್ತದೆ. ಡ್ರಮ್ಮರ್ ಸ್ಪೀಡ್ ಬದಲಿಸುವ ಜಾಯಮಾನದವರಾದರೆ ಲೆಕ್ಕ ಬಿಟ್ಟು ತಾಳಕ್ಕೆ ಸರಿಯಾಗಿ ಟ್ಯಾಪ್ ಟೆಂಪೋ ಸ್ವಿಚ್ ತುಳಿ. ಮಿಕ್ಸರ್‌ಗೆ ಒಂದೇ ಕೇಬಲ್ ಹೋಗುತ್ತಿದ್ದರೆ ‘ಎಲ್/ಮೋನೋ’ ಅಂತ ಬರೆದಿರುವ ಜಾಕ್‌ಗೇ ಹಾಕು. ಪಿಂಗ್‌ಪಾಂಗ್ ಡಿಲೇಯ ಎಡ-ಬಲದ ಆಟ ಒಂದೇ ಕೇಬಲ್‌ನಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ತೋಟದ ಮನೆ. ಮಳೆಗಾಲದಲ್ಲಿ ಕರೆಂಟ್ ಇರುವುದೇ ಅಪರೂಪ. ಇನ್ವರ್ಟರ್‌ನಲ್ಲಿ ಹಾಕಿದರೆ ಪೆಡಲ್ ಗುಂಯ್ ಅನ್ನುತ್ತದೆ. ನಾಯ್ಸ್ ಗೇಟ್ ಪೂರ್ತಿ ಏರಿಸಿದರೆ ಸ್ವರ ಅರ್ಧಕ್ಕೇ ಕಡಿದುಹೋಗುತ್ತದೆ. ಏನು ಮಾಡಲಿ?

ಸದ್ದು ಸಣ್ಣದಾದಾಗ ಗೇಟ್ ಬಾಗಿಲು ಮುಚ್ಚುತ್ತದೆ ಅಷ್ಟೇ, ಹಮ್, ಅಂದರೆ ಆ ಗುಂಯ್, ಓಡಿಸುವುದಿಲ್ಲ. ನೀವು ನುಡಿಸುವಾಗ ಅದು ಒಳಗೇ ಇರುತ್ತದೆ. ಮೊದಲು ಎಲ್ಲಿಂದ ಬರುತ್ತಿದೆ ನೋಡಿ. ಗಿಟಾರ್‌ನ ವಾಲ್ಯೂಮ್ ಸೊನ್ನೆ ಮಾಡಿ. ಗುಂಯ್ ನಿಂತರೆ ಪಿಕಪ್ ಅದನ್ನು ಎಳೆದುಕೊಳ್ಳುತ್ತಿದೆ, ಇನ್ವರ್ಟರ್‌ನಿಂದ, ಟ್ಯೂಬ್‌ಲೈಟ್‌ನಿಂದ ದೂರ ಕೂತು ನೋಡಿ. ನಿಲ್ಲದಿದ್ದರೆ ಅಡಾಪ್ಟರ್ ಕಡೆಯಿಂದ ಬರುತ್ತಿದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಇದು ಸಾಮಾನ್ಯ. ಯಾರಾದರೂ ಅರ್ಥ್ ಪಿನ್ ಮುರಿದರೆ ಸರಿಹೋಗುತ್ತದೆ ಅಂದರೆ ಕೇಳಬೇಡಿ, ಒದ್ದೆ ನೆಲದ ಮನೆಯಲ್ಲಿ ಅದು ಜೀವಕ್ಕೇ ಬರುತ್ತದೆ.

ನಿಮಗೆ ಸುಲಭದ ದಾರಿ ಬ್ಯಾಟರಿ. ಜಿ1 ಫೋರ್, ಜಿಟಿ-1 ಎರಡೂ ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತವೆ. ಜಿ1 ಫೋರ್ ಯುಎಸ್‌ಬಿಯಲ್ಲೂ ಓಡುವುದರಿಂದ ಪವರ್ ಬ್ಯಾಂಕ್ ಕೂಡ ನಡೆಯುತ್ತದೆ. ಮಳೆಗಾಲ ಕಳೆದು ಪೆಡಲ್ ಮೂಲೆಗೆ ಇಡುವುದಾದರೆ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗೇ ಹೋಗುತ್ತದೆ. ಬ್ಯಾಗ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕಾರು ಹಾಕಿಡಿ. ನಮ್ಮ ಕಡೆಯ ಥಂಡಿಗೆ ಜಾಕ್ ಕಪ್ಪಾಗಿ ಕರಕರ ಅನ್ನುವುದು ಮಾಮೂಲು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ನನ್ನು ನಾಲ್ಕು ಸಲ ಹಾಕಿ ತೆಗೆದರೆ ಸರಿಹೋಗುತ್ತದೆ.

ಅಡಾಪ್ಟರ್ ಕಳೆದುಹೋಗಿದೆ ಅಂತ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ. ವೋಲ್ಟ್ ಸರಿ ಇರಬೇಕು, ಆಂಪಿಯರ್ ಸಾಕಷ್ಟಿರಬೇಕು, ಪಿನ್‌ನ ಪ್ಲಸ್ ಮೈನಸ್ ಕೂಡ ಹೊಂದಬೇಕು. ಗಿಟಾರ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಪಿನ್‌ನ ನಡುಭಾಗ ಮೈನಸ್. ಜೂಮ್‌ನ ಅಡಾಪ್ಟರ್ 9 ವೋಲ್ಟ್, 500 ಮಿಲಿಆಂಪಿಯರ್. ಎಚ್‌ಎಕ್ಸ್ ಸ್ಟಾಂಪ್‌ದೂ 9 ವೋಲ್ಟೇ, ಆದರೆ ಅದಕ್ಕೆ 3 ಆಂಪಿಯರ್ ಬೇಕು. ಒಮ್ಮೆ ಕಾರ್ಯಕ್ರಮ ಶುರುವಾಗಲು ಹತ್ತು ನಿಮಿಷ ಇದ್ದಾಗ ನಾನು ಕೀಬೋರ್ಡ್‌ನವರ 12 ವೋಲ್ಟ್ ಅಡಾಪ್ಟರ್ ಚುಚ್ಚಿದೆ. ಅದರ ನಡುಭಾಗ ಪ್ಲಸ್. ಸ್ಕ್ರೀನ್ ಒಂದು ಸಲ ಮಿಂಚಿತು, ಸಣ್ಣಗೆ ವಾಸನೆ ಬಂತು. ಆ ರಾತ್ರಿ ಪೂರ್ತಿ ಕೀಬೋರ್ಡ್‌ನವರೇ ಗಿಟಾರ್ ಟೋನ್ ಹಾಕಿ ನನ್ನ ಬಿಟ್‌ಗಳನ್ನೆಲ್ಲ ನುಡಿಸಿದರು. ನಾನು ಪಕ್ಕದಲ್ಲಿ ಕೂತು ತಂಬೂರಿನ್ ಬಾರಿಸಿದೆ.