ನೀರಿನ ಕೆಲಸದವರಿಗೆ ಪಾಠ ಮಾಡೋಕೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ

ಮೂರು ತಿಂಗಳ ಬಿಡುವಿದೆ, ಬಡ ದೇಶಗಳಲ್ಲಿ ನೀರು, ನೈರ್ಮಲ್ಯದ ಕೆಲಸ ಮಾಡುವವರಿಗೆ ಆನ್‌ಲೈನ್ ಕೋರ್ಸ್ ಮಾಡಲೋ, ಅಲ್ಲಿಗೇ ಹೋಗಿ ತರಬೇತಿ ಕೊಡಲೋ ಅಂತ ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನಾನು ಹೋಗಿಯೇ ಬಿಟ್ಟಿದ್ದೆ.

ಸಣ್ಣ ಪಟ್ಟಣ. ನದಿ ನೀರು, ಮರಳಿನ ಫಿಲ್ಟರ್, ಒಂದು ಲಕ್ಷ ಲೀಟರಿನ ಟ್ಯಾಂಕ್. ನೋಡಿಕೊಳ್ಳೋಕೆ ಒಬ್ಬರೇ ಆಪರೇಟರ್, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಗಲೂ ರಾತ್ರಿಯೂ ಅವರದೇ ಪಾಳಿ. ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯುವ ತನಕ ಕಾದು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಬಿಡುತ್ತಿದ್ದರು. ಎಷ್ಟು ಹಾಕುತ್ತೀರಿ ಅಂತ ಕೇಳಿದೆ. "ವಾಸನೆ ನೋಡಿ ಹಾಕ್ತೀನಿ" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಕೂತು ಲೆಕ್ಕ ಹಾಕಿ, ಒಂದು ಪಟ್ಟಿ ಮಾಡಿ, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿ ಬಂದೆ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಇದು ನಿಮಗೆ ಅರ್ಥ ಆಗಲೇಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಕ್ರಿಮಿ ಕೊಲ್ಲುವುದು ಕ್ಲೋರಿನ್. ಆ ನೀರಿನ ಕೊಳೆಯೇ ಲೀಟರಿಗೆ ಸುಮಾರು 1.5 ಮಿಲಿಗ್ರಾಂ ಕ್ಲೋರಿನ್ ತಿಂದುಹಾಕುತ್ತಿತ್ತು. ಅದು ಹೋಗಿ, ಅರ್ಧ ಗಂಟೆ ಆದಮೇಲೂ 0.5 ಮಿಲಿಗ್ರಾಂ ಆದರೂ ಉಳಿದಿರಬೇಕು, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅಷ್ಟು. ಒಟ್ಟು ಲೀಟರಿಗೆ 2 ಮಿಲಿಗ್ರಾಂ. ಲಕ್ಷ ಲೀಟರಿಗೆ 200 ಗ್ರಾಂ ಕ್ಲೋರಿನ್ ಆಯಿತು. ಹೊಸ ಪೌಡರಿನಲ್ಲಿ ಕ್ಲೋರಿನ್ ಇರುವುದು ಮೂರರಲ್ಲಿ ಒಂದು ಪಾಲು, ಹಾಗಾಗಿ 600 ಗ್ರಾಂ ಪೌಡರ್ ಅಂತ ಬರೆದೆ. ಲೆಕ್ಕ ಸರಿಯೇ ಇತ್ತು. 'ಹೊಸ ಪೌಡರ್ ಆದರೆ' ಅನ್ನುವ ಮಾತು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ.

ನಾನು ಬಂದಮೇಲೆ ಅಲ್ಲಿಗೆ ಹಳೇ ಚೀಲಗಳು ಬಂದವು. ಬಿಸಿಲು, ತೇವ ತಾಗಿದರೆ ಈ ಪೌಡರ್ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ ಪರೀಕ್ಷೆ ಮಾಡಿದಾಗ ಅದರಲ್ಲಿ 15% ಕ್ಲೋರಿನ್ ಕೂಡ ಕಷ್ಟಕ್ಕೆ ಇತ್ತು. 600 ಗ್ರಾಂ ಹಾಕಿದರೆ ಸಿಗುವುದು 90 ಗ್ರಾಂ. ಕೊಳೆಗೇ ಸಾಲದು, ಇನ್ನು ಉಳಿಯುವುದೆಲ್ಲಿ? ಹನ್ನೊಂದು ದಿನ ಆ ಊರು ಅದೇ ನೀರು ಕುಡಿಯಿತು. ಭೇದಿ ಅಂತ ಬರುವ ಮಕ್ಕಳು ಜಾಸ್ತಿಯಾದಾಗ ಅಲ್ಲಿನ ನರ್ಸ್ ಅನುಮಾನಪಟ್ಟರು.

ವಾಪಸ್ ಓಡಿದೆ. ಆಪರೇಟರ್ ತಮ್ಮ ನೋಟ್‌ಬುಕ್ ತೋರಿಸಿದರು. ದಿನಕ್ಕೊಂದು ಸಾಲು, ಪ್ರತಿ ಸಾಲಿನಲ್ಲೂ ನೀಟಾಗಿ 600, 600, 600. ಮೂರನೇ ದಿನದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ 'ವಾಸನೆ ಇಲ್ಲ' ಅಂತ ಬರೆದಿದ್ದರು. ಅವರಿಗೆ ಗೊತ್ತಾಗಿತ್ತು. ಪುಡಿ ಗಂಟು ಕಟ್ಟಿದ್ದನ್ನೂ ನೋಡಿದ್ದರು. "ಇನ್ನಷ್ಟು ಹಾಕೋಣ ಅನ್ನಿಸ್ತು, ಆದರೆ ನೀವು 600 ಅಂತ ಬರೆದಿದ್ರಲ್ಲ" ಅಂದರು. ಇಪ್ಪತ್ತೈದು ವರ್ಷದ ಅನುಭವವನ್ನು ನನ್ನ ಒಂದು ಹಾಳೆ ಸುಮ್ಮನಾಗಿಸಿತ್ತು. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತದೆ.

ಅವರಿಗೆ ಬೇಕಿದ್ದದ್ದು ಕ್ಲೋರಿನ್ ನೋಡುವ ಒಂದು ಟೆಸ್ಟರ್, ಡಿಪಿಡಿ ಅನ್ನುವ ಮಾತ್ರೆ ಹಾಕಿದರೆ ಕ್ಲೋರಿನ್ ಇರುವ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದಲ್ಲ, ಅದು. ಮಾತ್ರೆ ಮುಗಿದಾಗ ಮತ್ತೆ ಕಳಿಸುವವರು. ಅನುಮಾನ ಬಂದಾಗ ಫೋನ್ ಎತ್ತುವವರು. ರಾತ್ರಿ ಪಾಳಿಗೆ ಇನ್ನೊಬ್ಬರು.

ಹಾಗಾಗಿ ಕೋರ್ಸೋ ತರಬೇತಿಯೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವರಿಗೆ ತಿಳುವಳಿಕೆ ಕಮ್ಮಿ ಅಂತ ನೀವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ, ಅಲ್ವಾ? ಕಲಿಸಲೇಬೇಕು ಅಂದರೆ ಇನ್ನೊಬ್ಬ ಆಪರೇಟರ್ ಕಲಿಸಲಿ. ಒಂದು ಊರಿನ ನೀರು ಸರಬರಾಜಿನವರನ್ನು ಇನ್ನೊಂದು ಊರಿನವರ ಜೊತೆ ಸೇರಿಸೋಕೆ ಅಂತಲೇ ವಿಶ್ವಸಂಸ್ಥೆಯ ನಗರ, ವಸತಿ ವಿಭಾಗವಾದ ಯುಎನ್-ಹ್ಯಾಬಿಟಾಟ್ ಅಡಿಯಲ್ಲಿ 2009ರಲ್ಲಿ ಗ್ಲೋಬಲ್ ವಾಟರ್ ಆಪರೇಟರ್ಸ್ ಪಾರ್ಟ್‌ನರ್‌ಶಿಪ್ಸ್ ಅಲಯನ್ಸ್ ಶುರುವಾಯಿತು. ಆ ದಾರಿ ನನಗೆ ಸರಿ ಅನ್ನಿಸುತ್ತದೆ.

ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವವರ ವಿಷಯದಲ್ಲಂತೂ ಬರೀ ಪಾಠ ಅಪಾಯ. ಅಲ್ಲಿ ಮೂಗನ್ನು ನಂಬುವ ಹಾಗಿಲ್ಲ, ಒಳಗಿನ ವಿಷಗಾಳಿ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು) ದಾಟಿದರೆ ವಾಸನೆಯೇ ಗೊತ್ತಾಗದೆ ಹೋಗುತ್ತದೆ. ಒಳಗೆ ಇಳಿಯದೆ ಹೊರಗಿನಿಂದಲೇ ಎಳೆಯುವ ಪಂಪು, ಗ್ಯಾಸ್ ಮೀಟರ್, ಮತ್ತೆ "ನಾನು ಇಳಿಯಲ್ಲ" ಅಂದರೂ ಆ ದಿನದ ಕೂಲಿ ಸಿಗುವ ಭರವಸೆ, ಇವು ಬೇಕು.

ಮೂರು ತಿಂಗಳು ಇದೆ ಅಂತೀರಿ. ಮೊದಲ ತಿಂಗಳು ಏನೂ ಹೇಳಬೇಡಿ, ಅವರ ಪಾಳಿಯಲ್ಲಿ ಜೊತೆಗೆ ಕೂತಿರಿ. ಆಮೇಲೆ ಎಷ್ಟು ವರ್ಷ ಫೋನ್ ಎತ್ತೋಕೆ ಆಗುತ್ತದೆ ಅಂತ ಯೋಚನೆ ಮಾಡಿ. ನನ್ನ ಪಟ್ಟಿ ಇದ್ದ ಗೋಡೆಯ ಮೇಲೆ ಈಗ ನನ್ನ ನಂಬರ್ ಇದೆ. ಹೋದ ವಾರವೂ ಕರೆ ಬಂದಿತ್ತು: ಹೊಸ ಚೀಲ ಬಂದಿದೆ, ಪುಡಿ ಗಂಟು ಕಟ್ಟಿದೆ, ಗುಲಾಬಿ ಬಣ್ಣ ಬರುವ ತನಕ ಜಾಸ್ತಿ ಹಾಕಿದ್ದೀವಿ ಅಂತ.