ಗೂಗಲ್ ಸ್ಕಾಲರ್‌ನಲ್ಲಿ ಎಚ್-ಇಂಡೆಕ್ಸ್ 11, ಸ್ಕೋಪಸ್‌ನಲ್ಲಿ 6: ಯಾಕೆ?

ಎಚ್-ಇಂಡೆಕ್ಸ್ 11 ಅಂದರೆ, ತಲಾ ಕನಿಷ್ಠ 11 ಸಲ ಬೇರೆಡೆ ಉಲ್ಲೇಖವಾದ 11 ಪೇಪರ್‌ಗಳು ನಿಮ್ಮವಿವೆ ಅಂತ. ಸಂಶೋಧನಾ ಪೇಪರ್‌ಗಳ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ನಿಮ್ಮ ಹೆಸರು ಎರಡು ಮೂರು ಪ್ರೊಫೈಲ್‌ಗಳಾಗಿ ಒಡೆದಿರಬಹುದು. ನಮ್ಮ ತುಮಕೂರು ಕಡೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತಲ್ಲ, ಒಂದು ಜರ್ನಲ್ ಅದನ್ನೇ ಸರ್‌ನೇಮ್ ಅಂದುಕೊಳ್ಳುತ್ತೆ, ಇನ್ನೊಂದು ಬಿಡಿಸಿ ಬರೆಯುತ್ತೆ. ನಡುವೆ ಕಾಲೇಜು ಬದಲಾಗಿದ್ದರಂತೂ ಕೇಳೋದೇ ಬೇಡ.

ಮೊದಲು ಸ್ಕೋಪಸ್‌ನ ಆಥರ್ ಸರ್ಚ್‌ನಲ್ಲಿ (ಚಂದಾ ಇಲ್ಲದೆಯೂ ತೆರೆಯುತ್ತೆ) ಹೆಸರನ್ನು ಹಿಂದುಮುಂದು ಮಾಡಿ ಹುಡುಕಿ. ನಿಮ್ಮವನ್ನಷ್ಟೇ ಟಿಕ್ ಮಾಡಿ, ಒಂದುಗೂಡಿಸಲು ಕೋರಿಕೆ ಕಳಿಸಿ. ಆಮೇಲೆ 16 ಅಂಕಿಯ ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಕೊಂಡು ಸ್ಕೋಪಸ್ ಪ್ರೊಫೈಲ್‌ಗೆ ಜೋಡಿಸಿ. ಮುಂದಿನ ಪೇಪರ್‌ಗಳಿಗೆಲ್ಲ ಒಂದೇ ಥರದ ಹೆಸರು, ಅದೇ ಐಡಿ.

ಇಷ್ಟಾದರೂ ಎರಡು ಸಂಖ್ಯೆ ಒಂದಾಗಲಿಕ್ಕಿಲ್ಲ. ಸ್ಕಾಲರ್ ಪಿಎಚ್‌.ಡಿ. ಪ್ರಬಂಧ, ಪ್ರಿಪ್ರಿಂಟ್‌ಗಳಿಂದ (ಜರ್ನಲ್‌ನಲ್ಲಿ ಬರುವ ಮೊದಲೇ ಹಾಕಿದ ಪೇಪರ್) ಬಂದ ಉಲ್ಲೇಖವನ್ನೂ ಎಣಿಸುತ್ತೆ. ಸ್ಕೋಪಸ್ ತನ್ನ ಪಟ್ಟಿಯಲ್ಲಿರೋದನ್ನಷ್ಟೇ. ಸ್ಕಾಲರ್‌ನಲ್ಲಿ ನಿಮ್ಮದೇ ಹೆಸರಿನ ಬೇರೆಯವರ ಪೇಪರ್ ಸೇರಿಕೊಂಡಿದ್ದರೆ ಈಗಲೇ ತೆಗೆದುಬಿಡಿ, ಸಂದರ್ಶನದಲ್ಲಿ ಅದೇ ಮುಜುಗರ.

ಸಹಲೇಖಕರು ಇಬ್ಬರಿರಲಿ, ಇನ್ನೂರಿರಲಿ, ಎಚ್-ಇಂಡೆಕ್ಸ್‌ಗೆ ಎಲ್ಲ ಒಂದೇ. ಹಾಗಾಗಿ ಬಡ್ತಿ ಅರ್ಜಿಯಲ್ಲಿ ಎರಡೂ ಅಂಕಿಗಳನ್ನು ನೋಡಿದ ದಿನಾಂಕದ ಸಮೇತ ಬರೆದು, ಮುಖ್ಯವಾದ ಐದು ಪೇಪರ್‌ಗಳಲ್ಲಿ ನೀವು ಮಾಡಿದ ಕೆಲಸ ಏನು ಅಂತ ಒಂದೊಂದು ಸಾಲು ಸೇರಿಸಿ.